ನಾಲ್ಕು ಸೆನ್ಸರ್, ಆರು ಮೀಟರ್ ವೈರು: ಐ2ಸಿ ಎಷ್ಟು ದೂರ ತಾಳುತ್ತೆ?

ಹಿಪ್ಪುನೇರಳೆ

ರೇಷ್ಮೆ ಹುಳು ಸಾಕುವ ಮನೆಗೆ ಉಷ್ಣಾಂಶ, ತೇವಾಂಶ ನೋಡುವ ಪೆಟ್ಟಿಗೆ. ಸಾಮಾನು ಇಷ್ಟು: ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್, ಎಸ್‌ಎಚ್‌ಟಿ31 ಸೆನ್ಸರ್ ಎರಡು (ಮುಂದೆ ನಾಲ್ಕು ಆಗಬೇಕು), ಡಿಎಸ್3231 ಗಡಿಯಾರ, 128×64ರ ಓಎಲ್‌ಇಡಿ ಡಿಸ್‌ಪ್ಲೇ. ಎಲ್ಲವೂ ಒಂದೇ ಐ2ಸಿ ಬಸ್ (ಚಿಪ್ಪುಗಳು ಹಂಚಿಕೊಂಡು ಮಾತಾಡುವ ಎರಡು ವೈರು: ಡೇಟಾಕ್ಕೆ ಎಸ್‌ಡಿಎ, ಕ್ಲಾಕಿಗೆ ಎಸ್‌ಸಿಎಲ್) ಮೇಲೆ, ವೇಗ 400 ಕಿಲೋಹರ್ಟ್ಸ್. ಬೇರೆ ಪುಲ್-ಅಪ್ (ಲೈನನ್ನು ಮೇಲಿನ ವೋಲ್ಟೇಜಿಗೆ ಹಿಡಿಯುವ ರೆಸಿಸ್ಟರ್) ಹಾಕಿಲ್ಲ, ಮಾಡ್ಯೂಲ್‌ಗಳ ಮೇಲೆ ಇರೋದೇ: ಸೆನ್ಸರ್‌ಗಳಲ್ಲಿ 10ಕೆ (ಕಿಲೋಓಮ್), ಗಡಿಯಾರ ಮತ್ತು ಡಿಸ್‌ಪ್ಲೇಯಲ್ಲಿ 4.7ಕೆ.

ಮೇಜಿನ ಮೇಲೆ ಗೇಣುದ್ದದ ಜಂಪರ್ ವೈರಿನಲ್ಲಿ ಎರಡು ದಿನ ಒಂದೂ ತಪ್ಪಿಲ್ಲದೆ ಓಡಿತು. ಸೆನ್ಸರ್ ಒಂದೊಂದಕ್ಕೂ 6 ಮೀಟರ್ ಕ್ಯಾಟ್5ಇ ನೆಟ್‌ವರ್ಕ್ ಕೇಬಲ್ ಎಳೆದ ಮೇಲೆ ನಡುನಡುವೆ ರೀಡಿಂಗ್ ಬರಲ್ಲ. ಹ್ಯೂಮಿಡಿಫೈಯರ್ ಮೋಟರ್ ಆನ್ ಆದಾಗ ಕೆಲವು ಸಲ ಪೂರ್ತಿ ನಿಂತುಬಿಡುತ್ತೆ. ರೀಸೆಟ್ ಬಟನ್ ಒತ್ತಿದರೂ ಏಳಲ್ಲ, ಪ್ಲಗ್ ಕಿತ್ತು ಹಾಕಿದರೆ ಮಾತ್ರ ಸರಿಹೋಗುತ್ತೆ. ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಒಂದೇ ಹೆಣೆದ ಜೋಡಿಯಲ್ಲಿ ಕಳಿಸಿದ್ದೇನೆ. ಐ2ಸಿಯಲ್ಲೇ ಉಳಿಯಬಹುದಾ, ಇಲ್ಲ ಬೇರೆ ದಾರಿ ಹಿಡಿಯಬೇಕಾ?

485ಪ್ರೇಮಿ

ಬಿಟ್ಟುಬಿಡಿ. ಫಿಲಿಪ್ಸ್‌ನವರು 1982ರಲ್ಲಿ ಐ2ಸಿ ಮಾಡಿದ್ದು ಟಿವಿ ಡಬ್ಬದ ಒಳಗೆ ಒಂದು ಚಿಪ್ ಇನ್ನೊಂದರ ಜೊತೆ ಮಾತಾಡೋಕೆ, ಒಂದು ಮನೆಯ ಉದ್ದಕ್ಕೆ ಅಲ್ಲ. ಉದ್ದ ವೈರಿಗೇ ಇರುವ ಆರ್‌ಎಸ್-485 ಹಾಕಿ, ಅದರ ಮೇಲೆ ಮಾತಾಡುವ ಮಾಡ್‌ಬಸ್ ಸೆನ್ಸರ್ ತಗೊಳ್ಳಿ, ನೆಮ್ಮದಿಯಾಗಿರಿ.

ಬೆಸುಗೆಕಡ್ಡಿ

ಬಿಡೋಕೆ ಮುಂಚೆ ಲೆಕ್ಕ ಹಾಕೋಣ. ಯಾಕೆ ಕೆಟ್ಟಿತು ಅಂತ ಗೊತ್ತಾಗದೆ 485ಕ್ಕೆ ಹೋದರೆ ಅಲ್ಲೂ ಬೇರೆ ಥರ ಕೆಡುತ್ತೆ.

ಐ2ಸಿಯ ಒಳ್ಳೆಯದು ಕೆಟ್ಟದ್ದು ಎರಡೂ ಒಂದೇ ಕಡೆ ಹುಟ್ಟುತ್ತವೆ: ಓಪನ್ ಡ್ರೈನ್. ಬಸ್ ಮೇಲಿರುವ ಯಾವ ಚಿಪ್ಪೂ ಲೈನನ್ನು ಮೇಲಕ್ಕೆ ತಳ್ಳುವುದಿಲ್ಲ, ಕೆಳಕ್ಕೆ ಎಳೆಯುತ್ತೆ ಅಷ್ಟೇ. ಮೇಲಕ್ಕೆ ತರೋದು ಪುಲ್-ಅಪ್ ರೆಸಿಸ್ಟರ್. ಅದಕ್ಕೇ ಎಷ್ಟು ಚಿಪ್ಪನ್ನು ಬೇಕಾದರೂ ಅದೇ ಎರಡು ವೈರಿಗೆ ನೇತುಹಾಕಬಹುದು. ಇಬ್ಬರು ಒಟ್ಟಿಗೆ ಮಾತಾಡಿದರೂ ಯಾವ ಚಿಪ್ಪೂ ಸುಡಲ್ಲ, ಕೇಳಿದವನು 'ಹ್ಞೂಂ' ಅಂತ ಎಸಿಕೆ ಬಿಟ್ ಕೊಡೋದೂ ಅದರಿಂದಲೇ ಸಾಧ್ಯ. ಇದೇ ಕಾರಣಕ್ಕೆ ಲೈನ್ ಮೇಲೇರೋದು ನಿಧಾನ. ವೈರು ಉದ್ದವಾದಷ್ಟೂ ಅದರ ಕೆಪ್ಯಾಸಿಟನ್ಸ್ (ಚಾರ್ಜ್ ಹಿಡಿದಿಡುವ ಗುಣ) ತುಂಬಬೇಕು, ತುಂಬಿಸೋಕೆ ಇರೋದು ಆ ಬಡಪಾಯಿ ರೆಸಿಸ್ಟರ್ ಒಂದೇ.

ನಿಯಮದಲ್ಲಿ ಬಸ್ಸಿನ ಕೆಪ್ಯಾಸಿಟನ್ಸ್ 400 ಪಿಕೋಫ್ಯಾರಡ್ ದಾಟಬಾರದು. ಮೇಲೇರುವ ಸಮಯ 100 ಕಿಲೋಹರ್ಟ್ಸ್ ಮೋಡ್‌ನಲ್ಲಿ ಹೆಚ್ಚೆಂದರೆ 1000 ನ್ಯಾನೊಸೆಕೆಂಡ್, 400ರಲ್ಲಿ 300. ಆ ಸಮಯದ ಸೂತ್ರ: 0.8473 × ರೆಸಿಸ್ಟನ್ಸ್ × ಕೆಪ್ಯಾಸಿಟನ್ಸ್.

ಈಗ ನಿಮ್ಮದು. ಕ್ಯಾಟ್5ಇ ಜೋಡಿಗೆ ಮೀಟರ್‌ಗೆ ಸುಮಾರು 50 ಪಿಕೋಫ್ಯಾರಡ್. 6 ಮೀಟರ್‌ಗೆ 300, ಎರಡು ಕೇಬಲ್‌ಗೆ 600. ಚಿಪ್ಪಿನ ಕಾಲು, ಬೋರ್ಡಿನ ಟ್ರ್ಯಾಕ್ ಸೇರಿ ಇನ್ನೊಂದು 100. ಒಟ್ಟು 700. ಪುಲ್-ಅಪ್‌ಗಳು ಪ್ಯಾರಲಲ್: ಎರಡು 10ಕೆ, ಎರಡು 4.7ಕೆ ಸೇರಿದರೆ 1.6ಕೆ. ಮೇಲೇರುವ ಸಮಯ ಸುಮಾರು 950 ನ್ಯಾನೊಸೆಕೆಂಡ್. 400 ಕಿಲೋಹರ್ಟ್ಸ್‌ನಲ್ಲಿ ಒಂದು ಕ್ಲಾಕ್‌ನ ಅವಧಿಯೇ 2500. ಇರಬೇಕಾದ್ದು 300, ಇರೋದು 950. ಅದು ಮೇಜಿನ ಮೇಲೆ ಓಡಿದ್ದಕ್ಕೆ ಕಾರಣ ಗೇಣುದ್ದದ ವೈರು, ಅಷ್ಟೇ. ನಾಲ್ಕು ಕೇಬಲ್ ಆದರೆ ವೈರಿನದೇ 1200 ಪಿಕೋಫ್ಯಾರಡ್, ಮಿತಿಯ ಮೂರು ಪಟ್ಟು.

ಇನ್ನೊಂದು ತೊಡಕು ನೀವು ಇನ್ನೂ ಎದುರಿಸಿಲ್ಲ. ಎಸ್‌ಎಚ್‌ಟಿ31ಕ್ಕೆ ಇರೋದು ಎರಡೇ ವಿಳಾಸ (ಬಸ್ ಮೇಲೆ ಚಿಪ್ಪನ್ನು ಕರೆಯುವ ನಂಬರ್): ಅಡ್ರೆಸ್ ಕಾಲು ನೆಲಕ್ಕೆ (ಗ್ರೌಂಡ್) ಕಟ್ಟಿದರೆ ಹೆಕ್ಸ್ (16ರ ಎಣಿಕೆ) 44, ಮೇಲಕ್ಕೆ ಕಟ್ಟಿದರೆ ಹೆಕ್ಸ್ 45. ಮೂರನೆಯದನ್ನು ಅದೇ ಬಸ್ಸಿಗೆ ಹಾಕೋಕೆ ಆಗಲ್ಲ.

ನೆಲತಂತಿ

ವಿಳಾಸದ ಬಗ್ಗೆ ಒಂದು ಮಾತು. 7 ಬಿಟ್‌ನಲ್ಲಿ 128 ವಿಳಾಸ, ಅದರಲ್ಲಿ 16 ಕಾದಿರಿಸಿದ್ದು, ಕೈಗೆ ಸಿಗೋದು 112. ಸಾಕಷ್ಟು ಅನ್ನಿಸುತ್ತೆ, ಆದರೆ ಎಲ್ಲ ತಯಾರಕರೂ ಬಂದು ಅದೇ ನಾಲ್ಕು ಮನೆ ನಂಬರ್ ಕೇಳಿದ ಹಾಗಿದೆ. ನಿಮ್ಮ ಡಿಎಸ್3231 ಇರೋದು ಹೆಕ್ಸ್ 68ರಲ್ಲಿ, ಎಂಪಿಯು6050 ಚಲನೆ ಸೆನ್ಸರ್ ಹಾಕಿದರೆ ಅದೂ 68. ಅದರ ಎಡಿ0 ಕಾಲು ಮೇಲೆತ್ತಿ 69 ಮಾಡ್ಕೋಬೇಕು. ಗಡಿಯಾರದ ಮಾಡ್ಯೂಲ್‌ನಲ್ಲಿ ಸಾಮಾನ್ಯವಾಗಿ ಎಟಿ24ಸಿ32 ಮೆಮೊರಿ ಚಿಪ್ಪೂ ಇರುತ್ತೆ, ಅದು 57ರಲ್ಲಿ ಕೂತಿರುತ್ತೆ. ಕೇಳದೇ ಬಂದ ಬಾಡಿಗೆದಾರ.

ಡೇಟಾಶೀಟ್‌ನಲ್ಲಿ 'ಡಿ0 ಬರೆಯೋಕೆ, ಡಿ1 ಓದೋಕೆ' ಅಂತಿದ್ದರೆ ಅದು ಓದು-ಬರೆ ಬಿಟ್ ಕೊನೆಗೆ ಸೇರಿಸಿದ 8 ಬಿಟ್ ರೂಪ, ವಿಳಾಸ ಅದೇ 68. ಆರ್ಡುಯಿನೊ ಲೈಬ್ರರಿಗೆ 68 ಕೊಡಬೇಕು, ಎಸ್‌ಟಿಎಂ32ರ ಹಾಲ್ ಲೈಬ್ರರಿಗೆ ಒಂದು ಬಿಟ್ ಎಡಕ್ಕೆ ಸರಿಸಿ ಕೊಡಬೇಕು. 'ಸೆನ್ಸರ್ ಸತ್ತಿದೆ' ಅಂತ ವಾಪಸ್ ಕೊಟ್ಟ ಎಷ್ಟೋ ಚಿಪ್ಪುಗಳು ಈ ಒಂದು ಬಿಟ್ಟಿಗೆ ಬಲಿ.

ಅಲೆದರ್ಶಕ

ಎಸ್‌ಡಿಎ, ಎಸ್‌ಸಿಎಲ್ ಒಂದೇ ಜೋಡಿಯಲ್ಲಿ ಹೆಣೆದಿದ್ದೀರಲ್ಲ, ಅದನ್ನು ಮೊದಲು ಬಿಚ್ಚಿ. ಹೆಣೆದ ಜೋಡಿ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು, ಆದರೆ ಅದು ಒಂದು ಸಿಗ್ನಲ್ ಮತ್ತು ಅದು ವಾಪಸ್ ಬರುವ ದಾರಿಯನ್ನು ಹೆಣೆದಾಗ. ಇಲ್ಲಿ ಎರಡು ಬೇರೆ ಬೇರೆ ಸಿಗ್ನಲ್. ಎಸ್‌ಡಿಎ ಧಡ್ ಅಂತ ಕೆಳಗಿಳಿದಾಗ ಪಕ್ಕದ ಎಸ್‌ಸಿಎಲ್ ಅನ್ನೂ ಜಗ್ಗುತ್ತೆ. ಎಸ್‌ಸಿಎಲ್ ಮೇಲಿರೋದು ರೆಸಿಸ್ಟರ್ ಹಿಡಿದ ದುರ್ಬಲ ಹಿಡಿತದಲ್ಲಿ, ಒಂದು ಸಣ್ಣ ಗುಂಡಿ ಬೀಳುತ್ತೆ. ಸೆನ್ಸರ್ ಅದನ್ನು ಇನ್ನೊಂದು ಕ್ಲಾಕ್ ಅಂತ ಎಣಿಸಿಕೊಂಡರೆ ಮುಗೀತು, ಮಾಸ್ಟರ್ (ಬಸ್ ನಡೆಸುವ ಇಎಸ್‌ಪಿ32) ಐದನೇ ಬಿಟ್‌ನಲ್ಲಿದ್ದರೆ ಸೆನ್ಸರ್ ಆರನೆಯದರಲ್ಲಿರುತ್ತೆ.

ಎಸ್‌ಡಿಎ ಜೊತೆ ಒಂದು ನೆಲ, ಎಸ್‌ಸಿಎಲ್ ಜೊತೆ ಒಂದು ನೆಲ, 3.3 ವೋಲ್ಟ್ ಜೊತೆ ಒಂದು ನೆಲ. ನಾಲ್ಕನೇ ಜೋಡಿ ಖಾಲಿ ಬಿಡಿ.

ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗುವ 8 ಚಾನೆಲ್, 24 ಮೆಗಾಹರ್ಟ್ಸ್ ಲಾಜಿಕ್ ಅನಲೈಸರ್ ಇದ್ದರೆ ಪಲ್ಸ್‌ವ್ಯೂ ಸಾಫ್ಟ್‌ವೇರ್ ಹಾಕಿ ವಿಳಾಸ, ಎಸಿಕೆ ಎಲ್ಲ ಓದಬಹುದು. ಆದರೆ ಅದು ಎಲ್ಲವನ್ನೂ 0 ಇಲ್ಲವೇ 1 ಅಂತಲೇ ತೋರಿಸುತ್ತೆ, ಲೈನ್ ಹೇಗೆ ಏರಿತು ಅಂತ ತೋರಿಸಲ್ಲ. ಅದಕ್ಕೆ ಆಸಿಲೋಸ್ಕೋಪೇ ಬೇಕು. ಪ್ರೋಬ್ ಸೆನ್ಸರ್ ತುದಿಯಲ್ಲಿ ಹಿಡಿಯಿರಿ, ಇಎಸ್‌ಪಿ32 ತುದಿಯಲ್ಲಿ ಅಲ್ಲ. ಚೌಕದ ಬದಲು ಶಾರ್ಕಿನ ಬೆನ್ನಿನ ರೆಕ್ಕೆ ಥರ ಕಂಡರೆ, ಮೇಲೆ ತಲುಪೋಕೆ ಮುಂಚೆಯೇ ಕೆಳಗಿಳೀತಿದ್ದರೆ, ಪುಲ್-ಅಪ್ ಸಾಲದು ಅಥವಾ ವೇಗ ಹೆಚ್ಚು. ಪ್ರೋಬನ್ನು 10 ಪಟ್ಟಿನ ಸ್ಥಾನದಲ್ಲಿಡಿ. 1 ಪಟ್ಟಿನಲ್ಲಿ ಪ್ರೋಬಿನ ಕೇಬಲ್ಲೇ ಸುಮಾರು 100 ಪಿಕೋಫ್ಯಾರಡ್ ಸೇರಿಸಿಬಿಡುತ್ತೆ, ಅಳೆಯೋಕೆ ಹೋಗಿ ಕೆಡಿಸಿದ ಹಾಗೆ.

ಮೇಕರ್ ಮಂಜು ಮುಸುಕು

1ಕೆ ಪುಲ್-ಅಪ್ ಹಾಕಿಬಿಡಿ ಸರ್, ಎಲ್ಲ ಸರಿಹೋಗುತ್ತೆ.

ಬೆಸುಗೆಕಡ್ಡಿ

ಮೇಲಿನವರೇ, ಕೆಳಗೂ ಒಂದು ಮಿತಿ ಇದೆ. ಚಿಪ್ 3 ಮಿಲಿಆಂಪಿಯರ್ ಎಳೆದುಕೊಂಡು ಲೈನನ್ನು 0.4 ವೋಲ್ಟ್‌ಗೆ ಇಳಿಸಬಲ್ಲದು ಅನ್ನೋದು ನಿಯಮದ ಭರವಸೆ. 3.3ರಲ್ಲಿ 0.4 ಕಳೆದು 3 ಮಿಲಿಆಂಪಿಯರ್‌ನಿಂದ ಭಾಗಿಸಿದರೆ 967 ಓಮ್. ಅದಕ್ಕಿಂತ ಕಡಿಮೆ ಹೋಗಬಾರದು. ಅವರ ಬಸ್ಸಿನಲ್ಲಿ ಆಗಲೇ 1.6ಕೆ ಇದೆ, ಅದರ ಪಕ್ಕ 1ಕೆ ಹಾಕಿದರೆ 615 ಓಮ್ ಆಗುತ್ತೆ. ಕೆಲವು ಚಿಪ್ ಎಳೆದೀತು, ಕೆಲವು 0.6, 0.7 ವೋಲ್ಟ್‌ನಲ್ಲೇ ನಿಂತೀತು. 5 ವೋಲ್ಟ್ ಬಸ್ ಆದರೆ ಈ ಕನಿಷ್ಠ ಮಿತಿ 1.53ಕೆ.

ಮಾಡ್ಯೂಲ್ ಸೇರಿಸುತ್ತಾ ಹೋಗೋರು ಇದನ್ನೇ ಮರೆಯೋದು. 4.7ಕೆ ಇರುವ ಐದು ಮಾಡ್ಯೂಲ್ ಒಟ್ಟಿಗೆ ಕಟ್ಟಿದರೆ 940 ಓಮ್, ಯಾರೂ ಬೇಕಂತ ಹಾಕದೆಯೇ ಮಿತಿ ಮೀರಿತು. ಹೆಚ್ಚಾದ ಮಾಡ್ಯೂಲ್‌ಗಳಿಂದ ರೆಸಿಸ್ಟರ್ ಬಿಚ್ಚಿ. ಉಲ್ಟಾ ತಪ್ಪೂ ಇದೆ: ಇಎಸ್‌ಪಿ32ರ ಒಳಗಿನ ಪುಲ್-ಅಪ್ ಸುಮಾರು 45ಕೆ, ಅದನ್ನು ನಂಬಿ ಹೊರಗೆ ಏನೂ ಹಾಕದೇ ಇರೋದು. 100 ಪಿಕೋಫ್ಯಾರಡ್‌ಗೇ ಅದು 3.8 ಮೈಕ್ರೋಸೆಕೆಂಡ್ ತಗೊಳ್ಳುತ್ತೆ.

ಹಿಪ್ಪುನೇರಳೆ

ಅರ್ಥ ಆಯ್ತು. ರೀಸೆಟ್ ಒತ್ತಿದರೂ ಯಾಕೆ ಏಳಲ್ಲ ಅನ್ನೋದು ಇನ್ನೂ ಗೊತ್ತಾಗಲಿಲ್ಲ. ಪ್ರೋಗ್ರಾಂ ಮೊದಲಿಂದ ಶುರುವಾಗುತ್ತೆ, ಸೀರಿಯಲ್ ಮಾನಿಟರ್‌ನಲ್ಲಿ ಮೊದಲ ಸಾಲೂ ಬರುತ್ತೆ. ಆಮೇಲೆ ಯಾವ ಸೆನ್ಸರೂ ಸಿಗಲ್ಲ, ಗಡಿಯಾರವೂ ಇಲ್ಲ.

ನೆಲತಂತಿ

ರೀಸೆಟ್ ಆಗೋದು ಇಎಸ್‌ಪಿ32 ಮಾತ್ರ, ಸೆನ್ಸರಿಗೆ ಆ ಸುದ್ದಿ ಹೋಗಲ್ಲ.

ನೋಡಿ ಹೇಗೆ ಸಿಕ್ಕಿಕೊಳ್ಳುತ್ತೆ ಅಂತ. ಸೆನ್ಸರ್ ಒಂದು ಬೈಟ್ ಕಳಿಸ್ತಾ ಇದೆ, ಈಗಿನ ಬಿಟ್ 0, ಹಾಗಾಗಿ ಎಸ್‌ಡಿಎ ಕೆಳಗೆ ಹಿಡಿದಿದೆ. ಆ ಕ್ಷಣಕ್ಕೆ ಮೋಟರ್ ಗದ್ದಲಕ್ಕೆ ಒಂದು ಕ್ಲಾಕ್ ಹಾರಿತು, ಅಥವಾ ಮಾಸ್ಟರ್ ರೀಸೆಟ್ ಆಯ್ತು. ಸೆನ್ಸರ್ ಮುಂದಿನ ಕ್ಲಾಕಿಗೆ ಕಾಯ್ತಾ ಎಸ್‌ಡಿಎ ಹಿಡಿದೇ ಇರುತ್ತೆ. ಮಾಸ್ಟರ್ ಎದ್ದು ನೋಡಿದರೆ ಎಸ್‌ಡಿಎ ಕೆಳಗಿದೆ, 'ಬೇರೆ ಯಾರೋ ಮಾತಾಡ್ತಿದ್ದಾರೆ' ಅಂತ ಅದೂ ಕಾಯುತ್ತೆ. ಪಹಲೇ ಆಪ್, ಪಹಲೇ ಆಪ್. ಐ2ಸಿ ನಿಯಮದಲ್ಲಿ ಇಷ್ಟು ಹೊತ್ತು ಕಾದು ಬಿಟ್ಟುಬಿಡು ಅಂತ ಗಡುವಿಲ್ಲ. ಅದರ ತಮ್ಮ ಎಸ್‌ಎಂಬಸ್‌ನಲ್ಲಿ ಇದೆ: ಕ್ಲಾಕ್ 35 ಮಿಲಿಸೆಕೆಂಡ್ ಕೆಳಗೇ ಉಳಿದರೆ ಚಿಪ್ ತಾನಾಗಿಯೇ ಬಿಟ್ಟುಕೊಡಬೇಕು.

ಬಿಡಿಸೋದು ಹೀಗೆ. ಪ್ರೋಗ್ರಾಂ ಶುರುವಾದ ಕೂಡಲೇ, ಐ2ಸಿ ಲೈಬ್ರರಿ ಆರಂಭಿಸೋಕೆ ಮುಂಚೆ, ಎರಡು ಕಾಲನ್ನೂ ಸಾಮಾನ್ಯ ಜಿಪಿಐಓ (ಪ್ರೋಗ್ರಾಂ ನೇರವಾಗಿ ಆಡಿಸುವ ಕಾಲು) ಮಾಡಿ. ಎಸ್‌ಸಿಎಲ್ ಓಪನ್ ಡ್ರೈನ್ ಔಟ್‌ಪುಟ್, ಎಸ್‌ಡಿಎ ಇನ್‌ಪುಟ್. ಎಸ್‌ಡಿಎ ಮೇಲಿದ್ದರೆ ಏನೂ ಬೇಡ. ಕೆಳಗಿದ್ದರೆ ಎಸ್‌ಸಿಎಲ್ ಅನ್ನು 5 ಮೈಕ್ರೋಸೆಕೆಂಡ್ ಕೆಳಗೆ, 5 ಮೇಲೆ, ಹೀಗೆ 9 ಸಲದವರೆಗೆ ಕುಟ್ಟಿ. ಪ್ರತಿ ಸಲವೂ ಎಸ್‌ಡಿಎ ನೋಡಿ, ಬಿಟ್ಟಿತು ಅಂದರೆ ನಿಲ್ಲಿಸಿ. ಕೊನೆಗೆ ಒಂದು ಸ್ಟಾಪ್: ಎಸ್‌ಸಿಎಲ್ ಮೇಲಿದ್ದಾಗ ಎಸ್‌ಡಿಎ ಕೆಳಗಿನಿಂದ ಮೇಲಕ್ಕೆ. ಆಮೇಲೆ ಲೈಬ್ರರಿ ಶುರು ಮಾಡಿ. 9 ಯಾಕೆಂದರೆ 8 ಬಿಟ್ ಪೂರ್ತಿ ಉಳಿದಿದ್ದರೂ ಒಂಬತ್ತನೆಯದು ಎಸಿಕೆ ಜಾಗ. ಅಲ್ಲಿ ಯಾರೂ 'ಹ್ಞೂಂ' ಅನ್ನದಿದ್ದರೆ ಸೆನ್ಸರ್ ಸುಮ್ಮನಾಗುತ್ತೆ.

ಓಡುತ್ತಿರುವಾಗಲೂ ಇದನ್ನೇ ಕರೆಯಬೇಕು: ಸತತ ಮೂರು ಸಲ ಓದೋಕೆ ಆಗದಿದ್ದರೆ ಲೈಬ್ರರಿ ಮುಚ್ಚಿ, ಕುಟ್ಟಿ, ಮತ್ತೆ ತೆರೆಯಿರಿ.

ಎರಡೆಳೆ

ಎಸ್‌ಸಿಎಲ್ ಕೆಳಗೆ ಸಿಕ್ಕಿಕೊಂಡರೆ ಇದು ನಡೆಯಲ್ಲ, ಅದಕ್ಕೆ ಸೆನ್ಸರಿನ ಕರೆಂಟ್ ತೆಗೆಯಲೇಬೇಕು. ಪಿ-ಚಾನೆಲ್ ಮಾಸ್‌ಫೆಟ್ ಒಂದರಿಂದ ಸೆನ್ಸರ್‌ಗಳ 3.3 ವೋಲ್ಟ್ ಆರಿಸಿ ಹಚ್ಚಬಹುದು. ಆದರೆ ಪುಲ್-ಅಪ್‌ಗಳನ್ನೂ ಅದೇ ಆರಿಸುವ ಲೈನಿಗೇ ಕಟ್ಟಿರಬೇಕು. ಇಲ್ಲದಿದ್ದರೆ ಪುಲ್-ಅಪ್ ಮೂಲಕ ಸಿಗ್ನಲ್ ಕಾಲಿಗೆ ಕರೆಂಟ್ ಬಂದು, ಚಿಪ್ಪಿನೊಳಗಿನ ರಕ್ಷಣಾ ಡಯೋಡ್ ದಾಟಿ, ಅರೆಜೀವದಲ್ಲಿ ಚಿಪ್ ಎದ್ದೇ ಇರುತ್ತೆ. ಆರಿಸಿದ್ದೀನಿ ಅಂತ ನೀವು ಅಂದುಕೊಂಡಿರ್ತೀರಿ. ಇಎಸ್‌ಪಿ32ರ ಆ ಎರಡು ಕಾಲನ್ನೂ ಆ ಹೊತ್ತಿಗೆ ಇನ್‌ಪುಟ್ ಮಾಡಿ. ಕನಿಷ್ಠ 100 ಮಿಲಿಸೆಕೆಂಡ್ ಆರಿಸಿಡಿ, ಡಿಕಪ್ಲಿಂಗ್ ಕೆಪ್ಯಾಸಿಟರ್ ಖಾಲಿಯಾಗಬೇಕಲ್ಲ.

ಮೇಕರ್ ಮಂಜು ಮುಸುಕು

ಹಾಗಾದರೆ ಚಿಪ್ಪಿಗೊಂದು ಸೆಲೆಕ್ಟ್ ವೈರು ಇರುವ ಎಸ್‌ಪಿಐ ಬಸ್ ಒಳ್ಳೇದಲ್ವಾ? ಪುಲ್-ಅಪ್ ಗೋಳಿಲ್ಲ, ವಿಳಾಸದ ಗೋಳಿಲ್ಲ, ಹತ್ತಾರು ಮೆಗಾಹರ್ಟ್ಸ್ ಓಡುತ್ತೆ.

ಎರಡೆಳೆ

ಬೋರ್ಡ್ ಮೇಲೆ ಡಿಸ್‌ಪ್ಲೇಗೆ, ಎಸ್‌ಡಿ ಕಾರ್ಡಿಗೆ ಹೌದು. ಆದರೆ ನಾಲ್ಕು ಸೆನ್ಸರಿಗೆ ಕ್ಲಾಕ್, ಡೇಟಾ ಎರಡು, ಜೊತೆಗೆ ಸೆಲೆಕ್ಟ್ ನಾಲ್ಕು, ಒಟ್ಟು ಏಳು ಲೈನ್. ಎಸಿಕೆ ಅನ್ನೋದೇ ಇಲ್ಲ. ವೈರು ಕಿತ್ತುಹೋದರೂ ಮಾಸ್ಟರ್‌ಗೆ ಗೊತ್ತಾಗಲ್ಲ, ಎಲ್ಲ 0 ಅಥವಾ ಎಲ್ಲ 255 ಓದುತ್ತಾ ಕೂರುತ್ತೆ. ಮತ್ತೆ ಎಸ್‌ಎಚ್‌ಟಿ31ಕ್ಕೆ ಎಸ್‌ಪಿಐ ಇಲ್ಲವೇ ಇಲ್ಲ.

ಐ2ಸಿಯ ಎಸಿಕೆಯನ್ನೂ ಜಾಸ್ತಿ ನಂಬಬೇಡಿ. 'ಬೈಟ್ ತಲುಪಿತು' ಅಂತ ಹೇಳುತ್ತೆ, 'ಸರಿಯಾಗಿ ತಲುಪಿತು' ಅಂತಲ್ಲ. ಎಸ್‌ಎಚ್‌ಟಿ31 ಈ ವಿಷಯದಲ್ಲಿ ಸಭ್ಯ ಚಿಪ್ಪು: ಉಷ್ಣಾಂಶದ ಎರಡು ಬೈಟ್, ಒಂದು ಸಿಆರ್‌ಸಿ (ತಪ್ಪು ಪತ್ತೆ ಮಾಡುವ ಬೈಟ್), ತೇವಾಂಶದ ಎರಡು ಬೈಟ್, ಇನ್ನೊಂದು ಸಿಆರ್‌ಸಿ, ಒಟ್ಟು ಆರು ಕಳಿಸುತ್ತೆ. ಪಾಲಿನಾಮಿಯಲ್ ಹೆಕ್ಸ್ 31, ಆರಂಭದ ಬೆಲೆ ಹೆಕ್ಸ್ ಎಫ್‌ಎಫ್. ನಿಮ್ಮ ಫಂಕ್ಷನ್ ಸರಿಯಿದೆಯಾ ನೋಡೋಕೆ ಹೆಕ್ಸ್ ಬಿಇ, ಇಎಫ್ ಎರಡು ಬೈಟ್ ಕೊಡಿ, ಹೆಕ್ಸ್ 92 ಬರಬೇಕು. ಸಿಆರ್‌ಸಿ ತಾಳೆಯಾಗದಿದ್ದರೆ ಆ ರೀಡಿಂಗ್ ಎಸೆಯಿರಿ, ಹಳೆಯದನ್ನು ತೋರಿಸಬೇಡಿ. ಆರು ಬೈಟ್ ಓದಿ ಸಿಆರ್‌ಸಿ ನೋಡದೇ ಬಿಡುವ ಕೋಡ್ ಅಂತರ್ಜಾಲದಲ್ಲಿ ಬೇಕಾದಷ್ಟಿದೆ.

ಕಮಾಂಡ್ ಹೆಕ್ಸ್ 2400 ಬಳಸಿ, ಅದರಲ್ಲಿ ಕ್ಲಾಕ್ ಸ್ಟ್ರೆಚಿಂಗ್ ಇಲ್ಲ. ಕಳಿಸಿ 20 ಮಿಲಿಸೆಕೆಂಡ್ ಬಿಟ್ಟು ಓದಿ. ಸ್ಟ್ರೆಚಿಂಗ್ ಇರುವ ಕಮಾಂಡ್‌ನಲ್ಲಿ ಅಳತೆ ಮುಗಿಯೋವರೆಗೂ ಸೆನ್ಸರ್ ಎಸ್‌ಸಿಎಲ್ ಹಿಡಿದುಕೊಳ್ಳುತ್ತೆ, ಬಸ್ ಪೂರ್ತಿ ನಿಂತಿರುತ್ತೆ. ಮುಂದೆ ಯಾವತ್ತಾದರೂ ರಾಸ್ಪ್‌ಬೆರಿ ಪೈಗೆ ಸಾಗಿಸುವ ಯೋಚನೆ ಇದ್ದರೆ ಇನ್ನೂ ಮುಖ್ಯ. ಬಿಸಿಎಂ2835ರ ಐ2ಸಿ ಹಾರ್ಡ್‌ವೇರ್‌ನಲ್ಲಿ ಸ್ಟ್ರೆಚಿಂಗ್‌ನ ದೋಷ ಎಲ್ಲರಿಗೂ ಗೊತ್ತಿರುವ ಹಳೇ ತಲೆನೋವು.

ಬೆಸುಗೆಕಡ್ಡಿ

ಐ2ಸಿಯಲ್ಲೇ ಮಾಡೋದಾದರೆ ಈ ವಿನ್ಯಾಸ:

ಇಎಸ್‌ಪಿ32ರಲ್ಲಿ ಎರಡು ಐ2ಸಿ ಕಂಟ್ರೋಲರ್ ಇವೆ, ಎಷ್ಟೋ ಜನ ಎರಡನೆಯದನ್ನು ಮುಟ್ಟೋದೇ ಇಲ್ಲ. ಪೆಟ್ಟಿಗೆಯೊಳಗಿನ ಡಿಸ್‌ಪ್ಲೇ, ಗಡಿಯಾರ ಒಂದನೆಯದಕ್ಕೆ, 400 ಕಿಲೋಹರ್ಟ್ಸ್‌ನಲ್ಲೇ ಇರಲಿ. ಹೊರಗಿನ ಸೆನ್ಸರ್‌ಗಳು ಎರಡನೆಯದಕ್ಕೆ, 50 ಕಿಲೋಹರ್ಟ್ಸ್. ಬೇರ್ಪಡಿಸೋಕೆ ಕಾರಣ ಡಿಸ್‌ಪ್ಲೇ. ಒಂದು ಪರದೆ 1024 ಬೈಟ್, ಬೈಟಿಗೆ 9 ಕ್ಲಾಕ್, ಒಟ್ಟು 9216. 400ರಲ್ಲಿ 23 ಮಿಲಿಸೆಕೆಂಡ್, 50ರಲ್ಲಿ 184, ಪರದೆ ಎಳೆದ ಹಾಗೆ ಕಾಣುತ್ತೆ. ಸೆನ್ಸರ್‌ಗೆ ಹಾಗಿಲ್ಲ. ಕಮಾಂಡ್ 3 ಬೈಟ್, ಓದೋದು 7 ಬೈಟ್, ಒಟ್ಟು 90 ಕ್ಲಾಕ್, 50 ಕಿಲೋಹರ್ಟ್ಸ್‌ನಲ್ಲಿ 1.8 ಮಿಲಿಸೆಕೆಂಡ್. ವೇಗ ಇಳಿಸಿದ್ದಕ್ಕೆ ದಂಡವೇ ಇಲ್ಲ.

ಎರಡನೇ ಬಸ್ ಮೇಲೆ ಟಿಸಿಎ9548ಎ ಮಕ್ಸ್ (ಒಂದು ಬಸ್ಸನ್ನು ಬೇಕಾದ ಕವಲಿಗೆ ಸೇರಿಸುವ ಚಿಪ್), ವಿಳಾಸ ಹೆಕ್ಸ್ 70. ಚಾನೆಲ್ 0ರಿಂದ 3ರವರೆಗೆ ಒಂದೊಂದು ಸೆನ್ಸರ್, ಎಲ್ಲವೂ 44ರಲ್ಲೇ ಇರಬಹುದು. 1, 2, 4, 8 ಬರೆದು ಒಂದೊಂದನ್ನೇ ತೆರೆಯೋದು. ಒಮ್ಮೆಗೆ ಒಂದೇ ಕೇಬಲ್ ಬಸ್ಸಿಗೆ ಸೇರುವುದರಿಂದ ವಿಳಾಸದ ಜಗಳವೂ ಮುಗೀತು, ಕೆಪ್ಯಾಸಿಟನ್ಸೂ ಇಳೀತು: ಕೇಬಲ್ 300, ಉಳಿದದ್ದು 100. ಮಕ್ಸ್ ಮಾಡ್ಯೂಲಿನ 10ಕೆ, ಸೆನ್ಸರಿನ 10ಕೆ, ಜೊತೆಗೆ ಮಕ್ಸ್ ಹಿಂದೆ ನೀವು 2.2ಕೆ ಹಾಕಿ. ಸೇರಿ 1.5ಕೆ, ಮೇಲೇರೋಕೆ ಸುಮಾರು 520 ನ್ಯಾನೊಸೆಕೆಂಡ್. 967 ಓಮ್‌ಗಿಂತ ಮೇಲೆ, 1000 ನ್ಯಾನೊಸೆಕೆಂಡ್‌ಗಿಂತ ಕೆಳಗೆ.

ಮಕ್ಸ್‌ನ ರೀಸೆಟ್ ಕಾಲನ್ನು 10ಕೆಯಿಂದ ಮೇಲೆ ಕಟ್ಟಿ ಒಂದು ಜಿಪಿಐಓಗೂ ತನ್ನಿ. ಒಂದು ಸೆನ್ಸರ್ ಎಸ್‌ಡಿಎ ಹಿಡಿದು ಕೂತರೆ ಮಕ್ಸ್‌ಗೆ 'ಆ ಚಾನೆಲ್ ಮುಚ್ಚು' ಅಂತ ಹೇಳೋಕೂ ಬಸ್ ಬೇಕು, ಬಸ್ಸೇ ಸಿಕ್ಕಿಕೊಂಡಿರುತ್ತೆ. ರೀಸೆಟ್ ಎಳೆದರೆ ಎಲ್ಲ ಚಾನೆಲ್ ಕಳಚಿ ಉಳಿದ ಮೂರು ಸೆನ್ಸರ್ ಬದುಕುತ್ತವೆ. ಎಷ್ಟೋ ಕಡೆ ಈ ಕಾಲನ್ನು ಖಾಲಿ ಬಿಟ್ಟಿರ್ತಾರೆ.

ಮೋಟರ್ ಗದ್ದಲವನ್ನು ಹುಟ್ಟುವ ಜಾಗದಲ್ಲೇ ಕೊಲ್ಲಿ: ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸೀರೀಸ್‌ನಲ್ಲಿ, ಕೆಪ್ಯಾಸಿಟರ್ ಎಕ್ಸ್2 (ಮನೆ ಕರೆಂಟಿಗೆ ಸುರಕ್ಷಿತ) ದರ್ಜೆಯದೇ ಆಗಿರಬೇಕು. ಸೆನ್ಸರ್ ಕೇಬಲನ್ನು ಕರೆಂಟ್ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ.

485ಪ್ರೇಮಿ

ಲೆಕ್ಕ ಸರಿಯಿದೆ, ಒಪ್ಪಿದೆ. ಆದರೂ 400ರ ಮಿತಿಯ ಹೊಸ್ತಿಲ ಮೇಲೆ ನಿಂತಿದ್ದೀರಿ. ನಾಳೆ ಕೇಬಲ್ 10 ಮೀಟರ್ ಆದರೆ ಮತ್ತೆ ಇದೇ ಪಂಚಾಯ್ತಿ. 485ರಲ್ಲಿ ಎರಡು ವೈರಿನ ನಡುವಿನ ವ್ಯತ್ಯಾಸ ನೋಡೋದು, ಗದ್ದಲ ಎರಡಕ್ಕೂ ಸಮನಾಗಿ ಬರುತ್ತೆ, ಕಳೆದುಹೋಗುತ್ತೆ. 9600 ವೇಗದಲ್ಲಿ ನೂರಾರು ಮೀಟರ್ ಚಿಂತೆಯಿಲ್ಲ.

ಹೋಗೋದಾದರೆ ನೋಡ್ಕೊಳ್ಳಿ. ಮ್ಯಾಕ್ಸ್485 5 ವೋಲ್ಟ್ ಚಿಪ್ಪು, ಇಎಸ್‌ಪಿ32ಕ್ಕೆ ಮ್ಯಾಕ್ಸ್3485 ತಗೊಳ್ಳಿ. ಕೇಬಲ್ ಒಂದರಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗಬೇಕು, ನಿಮ್ಮ ಈಗಿನ ಹಾಗೆ ನಾಲ್ಕು ದಿಕ್ಕಿಗೆ ಕವಲೊಡೆಯಬಾರದು. 120 ಓಮ್ ಎರಡು ತುದಿಗಳಲ್ಲಿ ಮಾತ್ರ, ನಡುವಿನ ಮಾಡ್ಯೂಲ್‌ಗಳಲ್ಲಿ ಇದ್ದರೆ ಕಿತ್ತುಹಾಕಿ. ಮಾಡ್‌ಬಸ್ ಸೆನ್ಸರ್‌ಗಳು ಸಾಮಾನ್ಯವಾಗಿ ವಿಳಾಸ 1 ಇಟ್ಟುಕೊಂಡೇ ಬರುತ್ತವೆ, ಒಂದೊಂದನ್ನೇ ಕಟ್ಟಿ ನಂಬರ್ ಬದಲಿಸಿ, ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮತ್ತೆ ಡಿಇ ಕಾಲು (ಕಳಿಸೋದನ್ನು ತೆರೆದು ಮುಚ್ಚುವುದು): ಕೊನೆಯ ಬೈಟಿನ ಸ್ಟಾಪ್ ಬಿಟ್ ಹೊರಹೋಗೋಕೆ ಮುಂಚೆ ಅದನ್ನು ಇಳಿಸಿದರೆ ಬಾಲ ಕತ್ತರಿಸಿ ಸಿಆರ್‌ಸಿ ತಪ್ಪುತ್ತೆ, ಉತ್ತರವೇ ಬರಲ್ಲ. ಬಫರ್ ಖಾಲಿಯಾದದ್ದಲ್ಲ, ಕಳಿಸಿ ಮುಗಿದದ್ದನ್ನು ಕಾಯಬೇಕು.

ಅಲೆದರ್ಶಕ

ಯಾವ ದಾರಿ ಹಿಡಿದರೂ ಇದೊಂದು. ಹುಳು ಮನೆಯಲ್ಲಿ ತೇವಾಂಶ ಜಾಸ್ತಿ, ಸೆನ್ಸರ್ ಬೋರ್ಡಿನ ಬೆಸುಗೆ ಕಾಲುಗಳಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಬಳಿಯಿರಿ, ಆದರೆ ಸೆನ್ಸರ್ ಚಿಪ್ಪಿನ ಕಿಂಡಿಗೆ ಟೇಪ್ ಹಚ್ಚಿ ಬಳಿಯಿರಿ. ಬೆಳೆ ಮುಗಿದು ಫಾರ್ಮಲಿನ್, ಬ್ಲೀಚಿಂಗ್ ಪುಡಿ ಹೊಡೆಯುವ ಮುಂಚೆ ಸೆನ್ಸರ್ ಬಿಚ್ಚಿ ಹೊರಗಿಡಿ. ಆ ಆವಿ ಕುಡಿದರೆ ತೇವಾಂಶದ ರೀಡಿಂಗ್ ಜರುಗಿಬಿಡುತ್ತೆ, ಸಿಆರ್‌ಸಿ ಮಾತ್ರ ಸರಿಯಾಗೇ ಬರ್ತಿರುತ್ತೆ.

ಹಿಪ್ಪುನೇರಳೆ

ಮಕ್ಸ್ ದಾರಿ ನೋಡ್ತೀನಿ, ಸೆನ್ಸರ್‌ಗಳು ಕೈಯಲ್ಲೇ ಇವೆ. ಬಿಚ್ಚಿ ಹಾಕೋಕೆ ಸುಲಭ ಅಂತ ಕೇಬಲ್ ತುದಿಗೆ ಆರ್‌ಜೆ45 ನೆಟ್‌ವರ್ಕ್ ಪ್ಲಗ್ ಹಾಕಲಾ? ಕ್ರಿಂಪಿಂಗ್ ಟೂಲ್ ಇದೆ.

ನೆಲತಂತಿ

ಹಾಕಬಹುದು, ಕ್ರಿಂಪ್ ಮಾಡುವಾಗ 3 ಮತ್ತು 6 ಒಂದು ಜೋಡಿ, 4 ಮತ್ತು 5 ಇನ್ನೊಂದು ಅನ್ನೋದು ನೆನಪಿರಲಿ. 1-2ರಲ್ಲಿ ಎಸ್‌ಡಿಎ-ನೆಲ, 3-6ರಲ್ಲಿ ಎಸ್‌ಸಿಎಲ್-ನೆಲ, 7-8ರಲ್ಲಿ 3.3-ನೆಲ. ಸಾಲಾಗಿ ಎಣಿಸಿದರೆ ಮತ್ತೆ ಎಸ್‌ಡಿಎ, ಎಸ್‌ಸಿಎಲ್ ಜೋಡಿ ತಪ್ಪುತ್ತೆ.

ಎರಡೆಳೆ

ಅದೇ ಮನೆಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಆರ್‌ಜೆ45 ಬೇಡವೇ ಬೇಡ. ಯಾರೋ ಒಬ್ಬರು ಒಂದು ದಿನ ಸೆನ್ಸರ್ ಕೇಬಲನ್ನು ಪಿಓಇ (ನೆಟ್‌ವರ್ಕ್ ಕೇಬಲ್ಲಲ್ಲೇ ಕರೆಂಟ್ ಕೊಡುವ) ಸ್ವಿಚ್ಚಿಗೆ ಚುಚ್ಚೇ ಚುಚ್ಚುತ್ತಾರೆ. ಕೇಳದೇ ನೇರವಾಗಿ ಕರೆಂಟ್ ಬಿಡುವ ಅಗ್ಗದ 48 ವೋಲ್ಟ್ ಇಂಜೆಕ್ಟರ್ ಆದರೆ ಸೆನ್ಸರ್ ಅಲ್ಲೇ ಹೊಗೆ. ಜಿಎಕ್ಸ್16ರ ಸ್ಕ್ರೂ ಕನೆಕ್ಟರ್ 6 ಪಿನ್ನಿನದು ತಗೊಳ್ಳಿ, ಅದು ಸ್ವಿಚ್ಚಿಗೆ ಹೋಗೋದಿಲ್ಲ.